ಮೈಸೂರು ಸಂಸ್ಥಾನದಲ್ಲಿ ಯಹೂದಿ ನಿರಾಶ್ರಿತ ವಿದ್ವಾಂಸರು

ನಾಜಿ ಆಳ್ವಿಕೆಯ ಕಿರುಕುಳದಿಂದಾಗಿ ಜರ್ಮನಿಯನ್ನು ತೊರೆದು 1930ರ ದಶಕದಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಯಹೂದಿ ಮೂಲದ ವಿದ್ವಾಂಸರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಮತ್ತು ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್ ಪ್ರಮುಖರು. ಬಾರ್ನ್ ಅವರು ಕೋನಿಗ್ಸ್‌ಬರ್ಗರ್ ಅವರ ಸೋದರಮಾವ. ಬಾರ್ನ್ ಅವರಿಗೆ ಬೆಂಗಳೂರಿನಲ್ಲಿ ದೊರೆತದ್ದು ಆರು ತಿಂಗಳ ಆಶ್ರಯ ಮಾತ್ರ. ಕೋನಿಗ್ಸ್‌ಬರ್ಗರ್ ಅವರು ಸಂಸ್ಥಾನದ ಸೇವೆಯಲ್ಲಿ ಸುಮಾರು ಒಂಬತ್ತು ವರ್ಷ ಇದ್ದರು.

ಹಿನ್ನೆಲೆ

1933ರ ಏಪ್ರಿಲ್ 7ರಂದು ಜರ್ಮನಿಯಲ್ಲಿ ಜಾರಿಗೆ ಬಂದ ಕಾನೂನು ಯಹೂದಿ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ಹೊರಹಾಕಲು ಅವಕಾಶ ನೀಡಿತು. ವಿಶ್ವವಿದ್ಯಾಲಯಗಳ ಪ್ರಾಧ್ಯಾಪಕರೂ ಇದರ ವ್ಯಾಪ್ತಿಗೆ ಬಂದರು. ವ್ಯಕ್ತಿಯ ಧರ್ಮಶ್ರದ್ಧೆಗಿಂತ ವಂಶವೇ ಇಲ್ಲಿ ಮಾನದಂಡವಾಗಿತ್ತು. 1914ರಲ್ಲಿಯೇ ಲೂಥರನ್ ಪಂಥವನ್ನು ಸೇರಿದ್ದ ಬಾರ್ನ್ ಅವರಿಗೂ ಇದರಿಂದ ವಿನಾಯಿತಿ ದೊರೆಯಲಿಲ್ಲ.

ಯುದ್ಧಕಾಲದ ಯುರೋಪಿನಲ್ಲಿ ಹಲವು ಕ್ಯಾಥೊಲಿಕ್ ಧರ್ಮಗುರುಗಳು ಯಹೂದಿಗಳ ರಕ್ಷಣೆಗೆ ಮುಂದಾದರು. ಮಾರ್ಸೇಯಲ್ಲಿ ಕಪುಚಿನ್ ಸಂನ್ಯಾಸಿ ಮರಿ-ಬೆನ್ವಾ ಅವರು ಸುಳ್ಳು ಗುರುತಿನ ಪತ್ರಗಳನ್ನು ಒದಗಿಸಿದರು. ಇಟಲಿಯ ಅಸ್ಸಿಸಿಯಲ್ಲಿ ಬಿಷಪ್ ಜುಸೆಪ್ಪೆ ನಿಕೋಲಿನಿ ಮತ್ತು ಪಾದ್ರಿ ಆಲ್ಡೊ ಬ್ರುನಾಚಿ ಅವರ ನೆರವಿನಿಂದ 1943–44ರಲ್ಲಿ ಯಹೂದಿಗಳು ಮಠಗಳಲ್ಲಿ ಅಡಗಿದ್ದರು. ಭಾರತಕ್ಕೆ ಬರಬಯಸಿದವರ ಸ್ಥಿತಿ ಬೇರೆಯಾಗಿತ್ತು. ಅವರಿಗೆ ಬ್ರಿಟಿಷ್ ಸರ್ಕಾರದ ಪ್ರವೇಶಾನುಮತಿ ಬೇಕಿತ್ತು; ಉದ್ಯೋಗದ ಭರವಸೆ ಅಥವಾ ಜಾಮೀನು ಅದಕ್ಕೆ ಆಧಾರವಾಗುತ್ತಿತ್ತು. ಹೀಗಾಗಿ ಒಂದು ನೇಮಕದ ಆದೇಶವೇ ಪಾರಾಗುವ ದಾರಿಯಾಗಬಹುದಿತ್ತು.

ಮ್ಯಾಕ್ಸ್ ಬಾರ್ನ್

ಕ್ವಾಂಟಂ ಬಲವಿಜ್ಞಾನದ ರೂವಾರಿಗಳಲ್ಲಿ ಒಬ್ಬರಾದ ಬಾರ್ನ್ (1882–1970) ಅವರನ್ನು 1933ರಲ್ಲಿ ಗಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯಿಂದ ದೂರವಿಡಲಾಯಿತು. ಅವರು ಕೇಂಬ್ರಿಜ್‌ಗೆ ತೆರಳಿದರು. ಆದರೆ ಅಲ್ಲಿದ್ದುದು ತಾತ್ಕಾಲಿಕ ಹುದ್ದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935ರಲ್ಲಿ ಪತ್ನಿಯೊಂದಿಗೆ ಬೆಂಗಳೂರಿಗೆ ಬಂದರು.

ಬಾರ್ನ್ ಅವರಿಗೆ ಕಾಯಂ ಪ್ರಾಧ್ಯಾಪಕ ಹುದ್ದೆ ನೀಡಬೇಕೆಂದು ರಾಮನ್ ಪ್ರಯತ್ನಿಸಿದರು. ಸಂಸ್ಥೆಯೊಳಗೆ ಇದಕ್ಕೆ ವಿರೋಧ ಬಂದಿತು. ಸಭೆಯೊಂದರಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಸ್ವದೇಶದಿಂದ ಹೊರದೂಡಲ್ಪಟ್ಟ ವ್ಯಕ್ತಿಯೆಂದು ತಮ್ಮನ್ನು ಹೀಗಳೆದುದನ್ನು ಬಾರ್ನ್ ಮುಂದೆ ದಾಖಲಿಸಿದ್ದಾರೆ. ನೇಮಕ ನಡೆಯಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1954ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಆಟೊ ಕೋನಿಗ್ಸ್‌ಬರ್ಗರ್

ಕೋನಿಗ್ಸ್‌ಬರ್ಗರ್ (1908–1999) ಬರ್ಲಿನ್‌ನಲ್ಲಿ ಜನಿಸಿ, ಅಲ್ಲಿಯೇ ವಾಸ್ತುಶಿಲ್ಪವನ್ನು ಅಭ್ಯಸಿಸಿದರು. 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಪಡೆದರೂ ಅದೇ ವರ್ಷ ಸರ್ಕಾರಿ ಕೆಲಸವನ್ನು ಕಳೆದುಕೊಂಡರು. ಬಳಿಕ ಈಜಿಪ್ಟಿಗೆ ತೆರಳಿ ಪುರಾತತ್ತ್ವ ಸಂಶೋಧನೆಯಲ್ಲಿ ತೊಡಗಿ, ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತು ಮಹಾಪ್ರಬಂಧ ಬರೆದರು.

ಬೆಂಗಳೂರಿನಲ್ಲಿದ್ದಾಗ ಬಾರ್ನ್ ದಂಪತಿಗಳಿಗೆ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಸ್ನೇಹವಿತ್ತು. ಈ ಸಂಬಂಧ ಕೋನಿಗ್ಸ್‌ಬರ್ಗರ್ ಅವರಿಗೆ ನೆರವಾಯಿತು. ಅವರು 1939ರಲ್ಲಿ ಮೈಸೂರು ಸರ್ಕಾರದ ಮುಖ್ಯ ವಾಸ್ತುಶಿಲ್ಪಿಯಾದರು. ಅದೇ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾದಾಗ ಬ್ರಿಟಿಷ್ ಭಾರತದಲ್ಲಿ ಜರ್ಮನ್ ಪ್ರಜೆಗಳನ್ನು ಶತ್ರುದೇಶದವರೆಂದು ಬಂಧಿಸಲಾಯಿತು; ಬಂಧಿತರಲ್ಲಿ ಯಹೂದಿ ನಿರಾಶ್ರಿತರೂ ಇದ್ದರು.

ಬೆಂಗಳೂರಿನ ಕೃಷ್ಣರಾವ್ ಉದ್ಯಾನದ ಮಂಟಪ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಎಂಜಿನಿಯರಿಂಗ್ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು ಅವರ ಕೃತಿಗಳಲ್ಲಿ ಸೇರಿವೆ. ಬಿಸಿಲು, ಮಳೆ ಮತ್ತು ಗಾಳಿಯ ದಿಕ್ಕನ್ನು ಗಮನಿಸಿ ಕಟ್ಟಡದ ಸ್ವರೂಪವನ್ನು ನಿರ್ಧರಿಸುವುದು ಅವರ ಕ್ರಮವಾಗಿತ್ತು.

ನಂತರದ ಪ್ರಭಾವ

ಜಮ್‌ಶೆಡ್‌ಪುರದ ಅಭಿವೃದ್ಧಿ ಯೋಜನೆ ಮತ್ತು 1948ರ ಭುವನೇಶ್ವರ ನಗರ ಯೋಜನೆಗಳನ್ನೂ ಕೋನಿಗ್ಸ್‌ಬರ್ಗರ್ ಸಿದ್ಧಪಡಿಸಿದರು. 1948ರಿಂದ 1951ರವರೆಗೆ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾಗಿದ್ದಾಗ, ದೇಶವಿಭಜನೆಯಿಂದ ನೆಲೆ ಕಳೆದುಕೊಂಡವರ ವಸತಿ ಸಮಸ್ಯೆ ಅವರ ಮುಂದಿತ್ತು. ಸ್ವತಃ ನಿರಾಶ್ರಿತರಾಗಿ ಬಂದವರು ಹೀಗೆ ನಿರಾಶ್ರಿತರಿಗೆ ಮನೆ ಕಟ್ಟಿಸುವ ಹೊಣೆ ಹೊತ್ತರು.

1951ರಲ್ಲಿ ಲಂಡನ್‌ಗೆ ತೆರಳಿದ ಅವರು ಉಷ್ಣವಲಯದ ವಾಸ್ತುಶಿಲ್ಪದ ಬೋಧಕರಾಗಿ ಹೆಸರಾದರು. 1974ರಲ್ಲಿ ಇತರರೊಂದಿಗೆ ರಚಿಸಿದ ಉಷ್ಣವಲಯದ ವಸತಿ ಮತ್ತು ಕಟ್ಟಡಗಳ ಕೈಪಿಡಿ ಈ ವಿಷಯದ ಪ್ರಮುಖ ಪಠ್ಯಗಳಲ್ಲಿ ಒಂದಾಗಿದೆ.