ತಗಾದೆಯಿಂದ ನ್ಯಾಯಾಲಯದವರೆಗೆ

ನ್ಯಾಯವಿಧಿಯು ಗ್ರಂಥದಲ್ಲಿ ಎಷ್ಟೇ ಸಮನಾಗಿದ್ದರೂ, ದುರ್ಬಲನಿಗೆ ಅದು ದೊರೆಯಬೇಕಾದರೆ ಯಾವುದೋ ಒಂದು ಆಶ್ರಯವು ಬೇಕಾಗುತ್ತದೆ. ಪೇಶ್ವೆಯರ ರಾಜ್ಯವು ಕಂಪನಿ ಸರಕಾರದ ವಶವಾದ ತರುವಾಯ, ಧಾರವಾಡ ಸೀಮೆಯನ್ನೊಳಗೊಂಡ ಆ ಪ್ರದೇಶದಲ್ಲಿ ನಡೆದ ನ್ಯಾಯವ್ಯವಸ್ಥೆಯ ವೃತ್ತಾಂತವು ಇದಕ್ಕೆ ಸಾಕ್ಷಿಯಾಗಿದೆ.

1818ರಲ್ಲಿ ಎರಡನೆಯ ಬಾಜೀರಾಯನು ಶರಣಾಗತನಾದನು. ದಖ್ಖಣದ ಕಮಿಶನರರಾಗಿದ್ದ ಎಲ್ಫಿನ್‌ಸ್ಟನ್ ಸಾಹೇಬರು 1819ರ ತಮ್ಮ ವರದಿಯಲ್ಲಿ ಹಿಂದಿನ ಪದ್ಧತಿಯನ್ನು ವಿವರಿಸಿರುವರು. ಹಳ್ಳಿಯ ವ್ಯಾಜ್ಯವು ಮೊದಲು ಪಾಟೀಲನ ಬಳಿಗೂ, ಅಲ್ಲಿ ತೀರದಿದ್ದರೆ ಮಾಮಲೇದಾರನ ಬಳಿಗೂ ಹೋಗುತ್ತಿತ್ತು. ಪಂಚರು ಕೂಡಿ ನಿರ್ಣಯಿಸುತ್ತಿದ್ದರು. ಆದರೆ ಆ ನಿರ್ಣಯವನ್ನು ನಡೆಯಿಸುವುದಕ್ಕೆ ಅಧಿಕಾರವುಳ್ಳವರ ಕೃಪೆಯು ಅವಶ್ಯವಾಗಿತ್ತು. ಇದಲ್ಲದೆ ತಗಾದೆಯೆಂಬ ಮತ್ತೊಂದು ಮಾರ್ಗವೂ ಇದ್ದಿತು. ಸಾಲ ಪಡೆದವನು ಕೀಳಿನವನಾಗಿದ್ದರೆ, ಕೊಟ್ಟವನು ಅವನನ್ನು ಮನೆಯಿಂದ ಹೊರಡಗೊಡದೆ, ಉಣಗೊಡದೆ, ಬಿಸಿಲಿನಲ್ಲಿ ಕೂಡಿಸುತ್ತಿದ್ದನು. ಪಡೆದವನು ದೊಡ್ಡವನಾಗಿದ್ದರೆ, ಕೊಟ್ಟವನೇ ಅವನ ಹೊಸ್ತಿಲಲ್ಲಿ ಬಿದ್ದು ಮೊರೆಯಿಡುತ್ತಿದ್ದನು. ಒಂದೇ ಋಣಕ್ಕೆ ಎರಡು ನ್ಯಾಯ!

ಮುಂದೆ ಮುಂಬಯಿ ಇಲಾಖೆಯಲ್ಲಿ 1827ರ ಕಾಯಿದೆಗಳು ಜಾರಿಗೆ ಬಂದವು. ಅವುಗಳಲ್ಲಿ ನಾಲ್ಕನೆಯದು, ಶಾಸನವಿಲ್ಲದ ವಿಷಯದಲ್ಲಿ ದೇಶಾಚಾರವನ್ನು ಅನುಸರಿಸತಕ್ಕದ್ದೆಂದು ವಿಧಿಸಿತು. ಉದ್ದೇಶವು ಒಳ್ಳೆಯದೇ. ಆದರೆ ನ್ಯಾಯಾಲಯವು ಮುಖ ನೋಡಿ ತೀರ್ಪು ಹೇಳಬಾರದೆಂದು ಕಾಗದವನ್ನೇ ನೋಡತೊಡಗಿತು. ಓದುಬರಹವಿಲ್ಲದ ರೈತನು ಅಂಗುಷ್ಠವೊತ್ತಿದ ಪತ್ರವೇ ಅವನಿಗೆ ವಿರೋಧವಾದ ಪ್ರಮಾಣವಾಯಿತು. 1859ರ ಕಾಲಮಿತಿ ಕಾಯಿದೆಯು ಸಾಲದ ದಾವೆಗೆ ಮೂರು ವರುಷಗಳ ಅವಧಿಯನ್ನಿಟ್ಟಿತು; ರೈತನ ರಕ್ಷಣೆಗೆಂದಾದ ಈ ನಿಯಮದಿಂದಲೇ ಸಾಹುಕಾರನು ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರವನ್ನು ಬರೆಯಿಸುತ್ತ ಹೋದನು. ರೈತನು ಹಾಜರಾಗದಿದ್ದಾಗ ಏಕಪಕ್ಷೀಯ ಡಿಕ್ರಿಗಳು ಹೊರಟವು. ಹಿಂದೆ ಊರಿನವರ ಮೋರೆ ನೋಡಬೇಕಾಗಿದ್ದ ಸಾಹುಕಾರನಿಗೆ ಈಗ ಸರಕಾರದ ಮುದ್ರೆಯೇ ಆಶ್ರಯವಾಯಿತು.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ದಂಗೆಯೆದ್ದರು. ದಂಗೆಯು ಹಬ್ಬಿದ ಊರುಗಳಲ್ಲಿ ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲದ ಪತ್ರಗಳನ್ನು. ವಿಚಾರಣೆಯ ಬಳಿಕ 1879ರಲ್ಲಿ ದಖ್ಖಣ ರೈತರ ಪರಿಹಾರದ ಕಾಯಿದೆಯು ಹುಟ್ಟಿತು. ಪತ್ರದ ಮಾತನ್ನಷ್ಟೇ ನಂಬದೆ, ವ್ಯವಹಾರದ ಆರಂಭದಿಂದ ಲೆಕ್ಕವನ್ನು ಬಿಚ್ಚಿ ನೋಡುವ ಅಧಿಕಾರವು ನ್ಯಾಯಾಧೀಶರಿಗೆ ದೊರೆಯಿತು. ರಾಜಿ ಮಾಡಿಸುವವರೂ ನೇಮಕವಾದರು.

ಹೀಗೆ ಅರುವತ್ತು ವರುಷಗಳ ಬಳಿಕ, ಋಣಿಯ ಕಥೆಯನ್ನು ಬುಡದಿಂದ ಕೇಳುವ ಪಂಚರ ಗುಣವನ್ನು ನ್ಯಾಯಾಲಯವು ಕಲಿಯಬೇಕಾಯಿತು. ದೊಡ್ಡವರ ಕೃಪೆಯನ್ನು ನಂಬಿದ ನ್ಯಾಯವು ಮುಖ ನೋಡುತ್ತದೆ. ಬರಿಯ ಕಾಗದವನ್ನು ನಂಬಿದ ನ್ಯಾಯವು ಮುಖವನ್ನೇ ಕಾಣದು. ಇವೆರಡನ್ನೂ ಮೀರಿ ದುರ್ಬಲನ ಮಾತಿಗೆ ಕಿವಿಗೊಟ್ಟಾಗಲೇ ನ್ಯಾಯವು ಧರ್ಮವೆನಿಸುವುದು.