ಉತ್ತರಮೇರೂರಿನ ನೆಲ, ನೀರು ಮತ್ತು ಸಭೆ

ಪ್ರಾಚೀನ ಭಾರತದ ಗ್ರಾಮಾಡಳಿತದ ಮಾತು ಬಂದಾಗಲೆಲ್ಲ ತಮಿಳುನಾಡಿನ ಉತ್ತರಮೇರೂರನ್ನು ಉದಾಹರಿಸುವುದು ವಾಡಿಕೆ. ಅಲ್ಲಿಯ ಶಾಸನಗಳನ್ನು ಪ್ರಜಾಪ್ರಭುತ್ವದ ಸನ್ನದುಗಳೆಂದು ಕೊಂಡಾಡುವವರುಂಟು. ಆದರೆ ಅವುಗಳ ನಿಜವಾದ ಮಹತ್ತ್ವವಿರುವುದು ಜನರ ಆಯ್ಕೆಯಲ್ಲಲ್ಲ, ಅಧಿಕಾರಕ್ಕೆ ಅವು ವಿಧಿಸಿದ ಕಟ್ಟುಪಾಡಿನಲ್ಲಿ. ಇದನ್ನರಿಯಲು ಊರಿನ ನೆಲದ ಸ್ವರೂಪದಿಂದಲೇ ವಿಚಾರವನ್ನು ಆರಂಭಿಸಬೇಕಾಗುತ್ತದೆ.

ಉತ್ತರಮೇರೂರು ಕಂಚಿಯ ದಕ್ಷಿಣಕ್ಕೆ, ಪಾಲಾರ್ ಮತ್ತು ಚೆಯ್ಯಾರ್ ನದಿಗಳ ಸೀಮೆಯ ಬಯಲಿನಲ್ಲಿದೆ. ಈ ನದಿಗಳು ವರ್ಷವಿಡೀ ಹರಿಯುವಂಥವಲ್ಲ. ಮಳೆಯ ನೀರನ್ನು ಕೆರೆಯಲ್ಲಿ ಕಟ್ಟಿ ನಿಲ್ಲಿಸದೆ ಇಲ್ಲಿ ಬತ್ತದ ಬೇಸಾಯ ಸಾಗದು. ಪಲ್ಲವರ ಕಾಲದಲ್ಲಿಯೇ ಇಲ್ಲಿ ವೈರಮೇಘ ತಟಾಕವೆಂಬ ದೊಡ್ಡ ಕೆರೆಯಿದ್ದಿತು. ಕಟ್ಟೆಯೊಡೆದರೂ, ಹೂಳು ತುಂಬಿದರೂ, ತೂಬಿನ ನೀರು ಪಕ್ಷಪಾತದಿಂದ ಹರಿದರೂ ಕೇಡು ಇಡೀ ಊರಿಗೆ. ಹೀಗೆ ಸಮಷ್ಟಿಯ ಆಡಳಿತವು ಇಲ್ಲಿ ಜೀವನದ ಅಗತ್ಯವೇ ಆಗಿದ್ದಿತು.

ಚೋಳ ದೊರೆ ಒಂದನೆಯ ಪರಾಂತಕನ ಕಾಲದಲ್ಲಿ, ಕ್ರಿ. ಶ. 919 ಮತ್ತು 921ರಲ್ಲಿ, ಈ ಬ್ರಹ್ಮದೇಯದ ಮಹಾಸಭೆಯು ಎರಡು ನಿಬಂಧನೆಗಳನ್ನು ಮಾಡಿ ಕಲ್ಲಿನಲ್ಲಿ ಕೆತ್ತಿಸಿತು. ಮೊದಲನೆಯದನ್ನು ಎರಡೇ ವರ್ಷಗಳಲ್ಲಿ ತಿದ್ದಬೇಕಾಯಿತೆಂಬುದು ಗಮನಾರ್ಹ. 30ರಿಂದ 60 ಎಂದಿದ್ದ ವಯೋಮಿತಿಯು 35ರಿಂದ 70ಕ್ಕೆ ಬದಲಾಯಿತು. ಅನರ್ಹರ ಪಟ್ಟಿ ವಿಸ್ತಾರಗೊಂಡಿತು.

ಊರನ್ನು 30 ಕುಡುಂಬುಗಳಾಗಿ, ಎಂದರೆ ಕೇರಿಗಳಾಗಿ, ವಿಂಗಡಿಸಲಾಗಿದ್ದಿತು. ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು ಕೊಡದಲ್ಲಿ ಹಾಕುತ್ತಿದ್ದರು. ಆಬಾಲವೃದ್ಧರು ನೆರೆದ ಸಭೆಯಲ್ಲಿ ಹಿರಿಯ ಅರ್ಚಕನು ಕೊಡವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗೇನಿದೆಯೆಂದರಿಯದ ಬಾಲಕನು ಓಲೆಯನ್ನು ತೆಗೆಯಬೇಕು. ಮಧ್ಯಸ್ಥನು ಐದು ಬೆರಳುಗಳನ್ನೂ ಬಿಡಿಸಿದ ಅಂಗೈಯಲ್ಲಿಯೇ ಅದನ್ನು ಸ್ವೀಕರಿಸಿ ಗಟ್ಟಿಯಾಗಿ ಓದಬೇಕು. ಕೈಚಳಕಕ್ಕೆ ಎಡೆಯಿರಬಾರದೆಂಬ ಎಚ್ಚರಿಕೆ ಇಲ್ಲಿ ಸ್ಪಷ್ಟ. ಹೀಗೆ ಆರಿಸಿದ 30 ಮಂದಿಯಲ್ಲಿ 12 ಮಂದಿ ಸಂವತ್ಸರ ವಾರಿಯಕ್ಕೂ, 12 ಮಂದಿ ತೋಟದ ವಾರಿಯಕ್ಕೂ, 6 ಮಂದಿ ಕೆರೆಯ ವಾರಿಯಕ್ಕೂ ಸೇರುತ್ತಿದ್ದರು. ವಾರಿಯವೆಂದರೆ ಕಾರ್ಯಸಮಿತಿ, ಅದರ ಅವಧಿ 360 ದಿನಗಳು. ಚಿನ್ನದ ಪರೀಕ್ಷೆಗೂ ಪಂಚವಾರಕ್ಕೂ ಬೇರೆ ಸಮಿತಿಗಳಿದ್ದವು.

ಹಿಂದಿನ ಮೂರು ವರ್ಷಗಳಲ್ಲಿ ಸಮಿತಿಯಲ್ಲಿದ್ದವನಿಗೆ ಮತ್ತೆ ಅವಕಾಶವಿರಲಿಲ್ಲ. ಲೆಕ್ಕವನ್ನೊಪ್ಪಿಸದವನು ಅನರ್ಹ, ಅಷ್ಟೇ ಅಲ್ಲ, ಅವನ ಹತ್ತಿರದ ಬಂಧುಗಳೂ ಅನರ್ಹರು. ಒಬ್ಬನ ತಪ್ಪಿಗೆ ಬಳಗವೆಲ್ಲ ಹೊಣೆಯಾಗುವುದು ಇಂದಿನ ನ್ಯಾಯದೃಷ್ಟಿಗೆ ಒಪ್ಪದು. ಆದರೆ ಅಧಿಕಾರವು ಕೆಲವೇ ಮನೆತನಗಳಲ್ಲಿ ಬೇರೂರುವ ಅಪಾಯವನ್ನು ಸಭೆಯು ಬಲ್ಲುದಾಗಿತ್ತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಷ್ಟರಿಂದಲೇ ಇದನ್ನು ಪ್ರಜಾಪ್ರಭುತ್ವವೆನ್ನಲಾಗದು. ಇಲ್ಲಿ ನಡೆದುದು ಚೀಟಿಯೆತ್ತುವಿಕೆ, ಮತದಾನವಲ್ಲ. ತೆರಿಗೆ ತೆರುವ ಕಾಲು ವೇಲಿಗಿಂತ ಹೆಚ್ಚಿನ ಭೂಮಿ, ಸ್ವಂತ ನಿವೇಶನದಲ್ಲಿ ಮನೆ, ಮಂತ್ರಬ್ರಾಹ್ಮಣದ ಜ್ಞಾನ ಇವು ಅರ್ಹತೆಗಳಾಗಿದ್ದವು. ವೇದಭಾಷ್ಯಗಳನ್ನು ಬಲ್ಲವನಿಗೆ ಮಾತ್ರ ಅರೆಕಾಲು ವೇಲಿ ಸಾಕಾಗಿತ್ತು. ಕೆರೆಯ ನೀರಿನಿಂದ ಗದ್ದೆಯಲ್ಲಿ ದುಡಿದವರಿಗೂ ಸ್ತ್ರೀಯರಿಗೂ ಕೊಡದಲ್ಲಿ ಓಲೆಯಿರಲಿಲ್ಲ. ಸಭೆಯು ನಿರ್ಣಯಿಸುವಾಗ ರಾಜನ ಅಧಿಕಾರಿಯೂ ಉಪಸ್ಥಿತನಿದ್ದನೆಂಬುದನ್ನು ಮರೆಯಬಾರದು.

1992ರಲ್ಲಿ ಅಂಗೀಕೃತವಾದ ಸಂವಿಧಾನದ 73ನೆಯ ತಿದ್ದುಪಡಿಯು ಪಂಚಾಯತಿಗಳಿಗೆ ನೇರ ಚುನಾವಣೆಯನ್ನು ವಿಧಿಸಿ, ಸ್ತ್ರೀಯರಿಗೂ ಪರಿಶಿಷ್ಟ ಜಾತಿ ಪಂಗಡಗಳಿಗೂ ಸ್ಥಾನಗಳನ್ನು ಮೀಸಲಿಟ್ಟಿತು. ಉತ್ತರಮೇರೂರು ಹೊರಗಿಟ್ಟವರನ್ನು ಅದು ಒಳಕ್ಕೆ ಕರೆಯಿತು. ಆದುದರಿಂದ ಯಾರು ಆಳಬೇಕೆಂಬ ಪ್ರಶ್ನೆಗೆ ಈ ಶಾಸನಗಳು ನಮಗೆ ಉತ್ತರವಾಗಲಾರವು. ಆಳುವವನು ಲೆಕ್ಕವನ್ನೊಪ್ಪಿಸಿ ಸ್ಥಾನ ಬಿಡಬೇಕೆಂಬ ಅವುಗಳ ವಿಧಿಯಾದರೋ ಇಂದಿಗೂ ಹಳತಾಗಿಲ್ಲ.