ಕೈತೆನ್‌ಜುಷಿ

ಸುತ್ತುವ ಪಟ್ಟಿಯ ಮೇಲೆ ಸುಶಿ ತಟ್ಟೆಗಳು ಗಿರಾಕಿಯ ಮುಂದೆ ಹಾದುಹೋಗುವ ಜಪಾನಿನ ಅಗ್ಗದ ಹೋಟೆಲು. ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳು ಸಾಗುವ ಬಗೆಯನ್ನು ಕಂಡ ಶಿರಾಯಿಶಿ ಯೋಶಿಯಾಕಿ 1958ರಲ್ಲಿ ಇಂದಿನ ಹಿಗಾಶಿ ಒಸಾಕಾದಲ್ಲಿ ಇಂಥ ಮೊದಲ ಅಂಗಡಿ ತೆರೆದರು. 1970ರ ಒಸಾಕಾ ವಿಶ್ವಮೇಳದಿಂದ ಇದು ದೇಶಕ್ಕೆಲ್ಲ ಪರಿಚಯವಾಯಿತು. ಪಟ್ಟಿಯ ವೇಗ ಸೆಕೆಂಡಿಗೆ ಸುಮಾರು 8 ಸೆಂ.ಮೀ.; ನಿಧಾನವಾದರೆ ಹಸಿದವರ ತಾಳ್ಮೆ ಕೆಡುತ್ತದೆ, ಜೋರಾದರೆ ಮೀನು ಒಣಗುತ್ತದೆ.

ಹಸಿರು ಚಹಾದ ಪುಡಿಗೆ ಮೇಜಿನ ನಲ್ಲಿಯಿಂದಲೇ ಬಿಸಿನೀರು ಬೆರೆಸಿಕೊಳ್ಳಬೇಕು. ಉಪ್ಪಿನಕಾಯಿ ಶುಂಠಿ ಪುಕ್ಕಟೆ. ಬೇಕಾದ ತಟ್ಟೆ ಎತ್ತಿಕೊಂಡು ತಿಂದು, ಖಾಲಿಯಾದವನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಕೊನೆಗೆ ಅವುಗಳ ಬಣ್ಣ ಮತ್ತು ಎಣಿಕೆಯೇ ಬಿಲ್ಲು. ಪಟ್ಟಿಯ ಮೇಲಿಂದ ಒಮ್ಮೆ ಎತ್ತಿದ್ದನ್ನು ಮರಳಿ ಇಡುವಂತಿಲ್ಲ. ಎರಡು ತುಂಡಿಗೆ 100 ಯೆನ್ ಎಂಬುದು ಬಹುಕಾಲ ಈ ಹೋಟೆಲುಗಳ ಹೆಗ್ಗುರುತಾಗಿತ್ತು. ಈಚೆಗೆ ಬೆಲೆ ಏರಿದೆ. ಅನ್ನದ ಉಂಡೆ ಕಟ್ಟುವ ಯಂತ್ರಗಳೇ ಈ ಅಗ್ಗದ ಗುಟ್ಟು. ನುರಿತ ಬಾಣಸಿಗನ ಕೈಚಳಕವನ್ನು ಇಲ್ಲಿ ಹುಡುಕುವುದು ತರವಲ್ಲ.

ಸಸ್ಯಾಹಾರಿಗಳಿಗೆ ಸೌತೆಕಾಯಿಯ ಸುರುಳಿ ಸುಶಿಯಾದ ಕಪ್ಪಾಮಾಕಿ ಉಂಟು. ಆದರೆ ತೋಫು ಚೀಲದ ಇನಾರಿಯನ್ನು ಸಾಮಾನ್ಯವಾಗಿ ಮೀನಿನ ಸಾರಿನಲ್ಲಿ ಬೇಯಿಸಿರುತ್ತಾರೆ. ಈಗ ಅನೇಕ ಕಡೆ ಪಟ್ಟಿಯ ಮೇಲೆ ತಟ್ಟೆಗಳು ಸುಮ್ಮನೆ ತಿರುಗುವುದಿಲ್ಲ. ಟಚ್‌ಸ್ಕ್ರೀನಿನಲ್ಲಿ ಕೇಳಿದ್ದಷ್ಟೇ ನೇರ ಮೇಜಿಗೆ ಬರುತ್ತದೆ.